ಅಳತೆಗೆ ನಿಂತವಳು

ಏನು ಕೆಲಸ ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ ಅವಳು ತಡವರಿಸುತ್ತಿದ್ದಳು. "ನಿಲ್ಲೋ ಕೆಲಸ" ಎಂದರೆ ಜನ ನಗುತ್ತಿದ್ದರು. ನಗಲಿ ಬಿಡಿ, ಮಾತು ಮಾತ್ರ ನಿಜ. ಹೆಸರುವಾಸಿ ಫ್ಯಾಶನ್ ಕಂಪನಿಯೊಂದರ ಹೊಲಿಗೆ ಕೋಣೆಯಲ್ಲಿ, ಮೊಣಕಾಲೆತ್ತರದ ಮರದ ಪೀಠದ ಮೇಲೆ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದೇ ಅವಳ ಕೆಲಸ. ಅರೆಬರೆ ಹೊಲಿದ ಗೌನು, ತೋಳು ಕೂಡಿಸದ ಕೋಟು, ಅಂಚು ಮಡಿಸದ ಲಂಗ ಎಲ್ಲವನ್ನೂ ಅವಳ ಮೈಗೆ ತೊಡಿಸಿ, ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣದ ಗೆರೆ ಎಳೆದು ಬಿಚ್ಚಿಕೊಂಡು ಹೋಗುತ್ತಿದ್ದರು. ಅವಳಿಗೆ ಸರಿಹೋದರೆ ಊರಿಗೆಲ್ಲ ಸರಿಹೋಯಿತು ಎಂದು ಲೆಕ್ಕ. ಹಾಗಾಗಿ ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಅಳತೆ ಬಂದ್ಲಾ?" "ಅಳತೆಗೆ ನೆಗಡಿಯಂತೆ, ಇವತ್ತು ಕೋಟು ಬೇಡ." "ಅಳತೆ, ಸ್ವಲ್ಪ ಈ ಕಡೆ ತಿರುಗು." ಅಳತೆ ತಿರುಗುತ್ತಿದ್ದಳು.

ಮಾಡೆಲ್ ಎಂದುಕೊಂಡೀರಿ, ಅದಲ್ಲ. ಮಾಡೆಲ್‌ಗಳಿಗೆ ಮುಖ ಇರುತ್ತದೆ, ಫೋಟೋ ಇರುತ್ತದೆ, ಸಿಟ್ಟು ಬಂದರೆ ಎದ್ದುಹೋಗುವ ಹಕ್ಕೂ ಇರುತ್ತದೆ. ಇವಳಿಗೆ ಇದ್ದದ್ದು ಎದೆ, ಸೊಂಟ, ಭುಜ, ಅಷ್ಟೇ. ಕೆಲಸಕ್ಕೆ ಸೇರಿದ ದಿನ ಅವು ಎಷ್ಟಿದ್ದವೋ ಕೊನೆಯವರೆಗೂ ಅಷ್ಟೇ ಇರಬೇಕು. ವರ್ಷ ಕಳೆದ ಹಾಗೆ ಉಳಿದವರಿಗೆ ಸಂಬಳ ಏರಲಿ ಎಂಬ ಆಸೆಯಾದರೆ, ಇವಳಿಗೆ ಮೈಯಲ್ಲಿ ಏನೂ ಏರದಿರಲಿ ಎಂಬ ಹೆದರಿಕೆ.

ಅಲ್ಲಿಗೆ ಅವಳನ್ನು ಸೇರಿಸಿದವಳು ಅಕ್ಕ. ಅಮ್ಮ ಹೋದ ಮೇಲೆ ತಂಗಿಯ ಜಡೆ ಹೆಣೆದವಳು, ಶಾಲೆಗೆ ಕಳಿಸಿದವಳು, ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ಟ್ರಂಕಿನ ಜೊತೆಗೆ ತಂಗಿಯನ್ನೂ ಕರೆದುಕೊಂಡು ಹೋದವಳು. ಹೊಲಿಗೆ ಕೋಣೆಯಲ್ಲಿ ಫಿಟ್ಟಿಂಗ್ ಎಲ್ಲ ಅವಳದೇ. ತುಟಿಯ ನಡುವೆ ಗುಂಡುಸೂಜಿಗಳ ಸಾಲನ್ನು ಕಚ್ಚಿಕೊಂಡು ತಂಗಿಯ ಸುತ್ತ ಮೊಣಕಾಲಿನಲ್ಲೇ ಓಡಾಡುತ್ತಿದ್ದಳು. ಬಾಯಿ ತುಂಬ ಸೂಜಿ ಇದ್ದುದರಿಂದ ಹೆಚ್ಚು ಮಾತಿಲ್ಲ. ಸೊಂಟದ ಬಳಿ ಬಂದಾಗ ಮಾತ್ರ ಹಲ್ಲುಗಳ ಸಂದಿಯಿಂದ "ಉಸಿರು" ಎನ್ನುತ್ತಿದ್ದಳು. ತಂಗಿ ಉಸಿರು ಎಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುತ್ತಿದ್ದಳು. ಆಮೇಲೆ ಅಕ್ಕ ಬಟ್ಟೆಗೂ ಮೈಗೂ ನಡುವೆ ಎರಡು ಬೆರಳು ತೂರಿಸಿ, ಆ ಬೆರಳುಗಳ ಆಚೆಗೆ ಸೂಜಿ ಚುಚ್ಚುತ್ತಿದ್ದಳು. ತಂಗಿಗೆ ಸೂಜಿ ತಾಗದಿರಲಿ ಎಂದು ಮೊದಲ ದಿನ ತೂರಿಸಿದ ಬೆರಳು, ಹಾಗೇ ಕೈಗೆ ರೂಢಿಯಾಗಿ ಹೋಯಿತು. ತಂಗಿ ಹೊಟ್ಟೆ ಎಳೆದುಕೊಂಡಷ್ಟನ್ನೂ ಅಕ್ಕನ ಬೆರಳು ಬಟ್ಟೆಗೆ ವಾಪಸ್ಸು ಕೊಡುತ್ತಿತ್ತು. ಹೀಗೆ ಒಂದು ತಪ್ಪು ಇನ್ನೊಂದನ್ನು ನುಂಗಿಹಾಕಿ, ಬಟ್ಟೆ ಎಲ್ಲರಿಗೂ ಚೆನ್ನಾಗಿ ಕೂರುತ್ತಿತ್ತು. ಇದು ಇಬ್ಬರಿಗೂ ಗೊತ್ತಿರಲಿಲ್ಲ. ನಡಿಗೆಯಲ್ಲಿ ಮೊದಲು ಯಾವ ಕಾಲು ಇಡುತ್ತೀರಿ ಎಂದು ಕೇಳಿದರೆ ನಿಮಗೂ ಗೊತ್ತಿರುವುದಿಲ್ಲ, ಹಾಗೆ.

ಮನೆಯಲ್ಲೂ ಅಕ್ಕನದೇ ಕಾವಲು. ಊಟದ ಮೇಜಿನಲ್ಲಿ ಭಾವನ ತಟ್ಟೆ ತುಂಬಿರುತ್ತಿತ್ತು, ತಂಗಿಯ ತಟ್ಟೆಯಲ್ಲಿ ಸೌತೆಕಾಯಿ ಹೋಳುಗಳು, ಬೇಯಿಸಿದ ಮೊಟ್ಟೆಯ ಬಿಳಿಭಾಗ. ಹಳದಿ ಭಾಗ ಅಕ್ಕನ ಬಾಯಿಗೆ. "ನಿನಗೋಸ್ಕರ ನಾನು ದಪ್ಪ ಆಗ್ತಿದೀನಿ ಕಣೇ" ಎಂದು ಅಕ್ಕ ನಗುತ್ತಿದ್ದಳು. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ. "ನಮ್ಮ ಡಿಪೋದಲ್ಲಿ ಬಸ್ಸಿಗೆ ಕೂಡ ಭರ್ತಿ ಡೀಸೆಲ್ ಹಾಕ್ತಾರೆ ಮಾರಾಯ್ತಿ, ಆ ಹುಡುಗಿಗೆ ಒಂದು ಬ್ರೆಡ್ಡಾದರೂ ಹಾಕೇ" ಎನ್ನುತ್ತಿದ್ದ. ಅಕ್ಕ ಕಣ್ಣು ಬಿಟ್ಟರೆ ತೆಪ್ಪಗಾಗುತ್ತಿದ್ದ.

ಅವಳಿಗೂ ಒಂದು ಆಸೆ ಇತ್ತು. ಕೂರಬೇಕು. ಕೇಳಿದವರಿಗೆ ತಮಾಷೆ ಎನ್ನಿಸಬಹುದು, ಇಡೀ ದಿನ ನಿಂತು ನೋಡಿದವರಿಗೆ ಅನ್ನಿಸುವುದಿಲ್ಲ. ಕೋಣೆಯ ಕಿಟಕಿಯ ಪಕ್ಕ ಕಟಿಂಗ್ ಮಾಸ್ಟರ್‌ನ ಉದ್ದದ ಮೇಜಿತ್ತು, ಅದಕ್ಕೊಂದು ಎತ್ತರದ ಸ್ಟೂಲು. ಮಾಸ್ಟರ್ ಕಂದು ಕಾಗದ ಹರವಿ, ಬಾಗಿದ ಸ್ಕೇಲು ಇಟ್ಟು ಅಂಗಿಯ ಭಾಗಗಳನ್ನು ಬರೆಯುವುದನ್ನು ಪೀಠದ ಮೇಲಿಂದ ನೋಡಿ ನೋಡಿ ಅವಳಿಗೆ ಕೈ ತುರಿಸುತ್ತಿತ್ತು. ಊಟದ ಬಿಡುವಿನಲ್ಲಿ, ಹೇಗೂ ಊಟ ಇಲ್ಲವಲ್ಲ, ಅವನ ಪಕ್ಕ ಹೋಗಿ ನಿಲ್ಲುತ್ತಿದ್ದಳು. ಮಾಸ್ಟರ್ ಪೆನ್ಸಿಲ್ ಕೊಡುತ್ತಿದ್ದ. ಅವಳು ಬರೆದ ಒಂದು ಕಾಲರ್ ಯಾರಿಗೂ ಗೊತ್ತಿಲ್ಲದೆ ಒಂದು ಕೋಟಿಗೆ ಸೇರಿಯೂ ಹೋಗಿತ್ತು. "ನಾನು ಎದ್ದ ದಿನ ಇದರ ಮೇಲೆ ನೀನು ಕೂತ್ಕೋ" ಎಂದು ಮಾಸ್ಟರ್ ಸ್ಟೂಲು ತಟ್ಟಿ ಹೇಳಿದ್ದ. ಅವನಿಗೆ ವಯಸ್ಸಾಗಿ, ಕಣ್ಣು ಮಂಜಾಗಿ, ಒಂದು ದಿನ ಎದ್ದೂ ಹೋದ. ಸ್ಟೂಲು ಖಾಲಿ ಬಿತ್ತು.

ಅವಳು ಧೈರ್ಯ ಮಾಡಿ ಯಜಮಾನಿಯ ಕೋಣೆಗೆ ಹೋದಳು. ಕಂಪನಿ ಯಜಮಾನಿಯದೇ, ವಿನ್ಯಾಸಗಳೂ ಅವಳವೇ. ಬೈಯುವವಳಲ್ಲ, ಬೆಣ್ಣೆಯಂಥ ಮಾತು. ಅಂಥವರ ಹತ್ತಿರ ಕೇಳುವುದೇ ಹೆಚ್ಚು ಕಷ್ಟ.

"ಮೇಡಂ, ಕಟಿಂಗ್ ಮೇಜು ನನಗೆ ಕೊಡ್ತೀರಾ?"

"ಕೊಡಲ್ಲ ಅಂತ ಯಾರು ಹೇಳಿದ್ರು?" ಎಂದಳು ಯಜಮಾನಿ. "ಆದ್ರೆ ನೀನು ಕೂತ್ರೆ ನಿಲ್ಲೋರು ಯಾರು? ಯೋಚನೆ ಮಾಡು. ನಿನ್ನಂಥ ಮೈ ಇನ್ನೊಂದು ಹುಡುಕಬೇಕಲ್ಲ ನಾನು."

ಯೋಚನೆ ಮಾಡುವ ಕಷ್ಟ ಯಾರಿಗೂ ಬರಲಿಲ್ಲ. ಅದೇ ತಿಂಗಳು ಕಲಾವಿದ ಬಂದ.

ಊರಿನ ಹೊಸ ಮ್ಯೂಸಿಯಂ ಮತ್ತು ಶಾಪಿಂಗ್ ಮಾಲ್ ಒಂದೇ ಕಟ್ಟಡದಲ್ಲಿದ್ದವು. ಕೆಳಗೆ ಮಾಲ್, ಮೇಲೆ ಮ್ಯೂಸಿಯಂ, ನಡುವೆ ಎಸ್ಕಲೇಟರ್. ಕಲೆ ನೋಡಲು ಬಂದವರು ಬಟ್ಟೆ ಕೊಂಡು ಹೋಗಲಿ, ಬಟ್ಟೆ ಕೊಳ್ಳಲು ಬಂದವರು ಕಲೆ ನೋಡಿದ ಹೆಮ್ಮೆಯನ್ನೂ ಹೊತ್ತು ಹೋಗಲಿ ಎಂಬ ಏರ್ಪಾಡು. ಅಲ್ಲಿ ಕಂಪನಿಯ ಇಷ್ಟೂ ವರ್ಷಗಳ ಉಡುಪುಗಳ ಪ್ರದರ್ಶನ ಮಾಡಬೇಕೆಂದು ಗೊತ್ತಾಗಿತ್ತು. ಆದರೆ ಉಡುಪುಗಳನ್ನು ಅಂಗಡಿಯ ಗೊಂಬೆಗಳಿಗೆ ತೊಡಿಸಲು ಕಲಾವಿದ ಸುತರಾಂ ಒಪ್ಪಲಿಲ್ಲ. "ಈ ಬಟ್ಟೆಗಳ ಹಿಂದೆ ಒಂದು ದೇಹ ಇದೆ. ಯಾರೂ ನೋಡದ ದೇಹ. ನನಗೆ ಅದು ಬೇಕು" ಎಂದ. ಪೀಠದ ಮೇಲೆ ನಿಂತಿದ್ದವಳ ಸುತ್ತ ಒಂದು ಸುತ್ತು ಬಂದು, "ಇದೇ" ಎಂದ. ಮಾರುಕಟ್ಟೆಯಲ್ಲಿ ಕುಂಬಳಕಾಯಿ ಆರಿಸಿದ ಹಾಗಿತ್ತು ಎಂದು ಅವಳು ಆಮೇಲೆ ಅಕ್ಕನಿಗೆ ಹೇಳಿ ನಕ್ಕಳು.

ಅವಳ ಮೈಯಿಂದ ಅಚ್ಚು ತೆಗೆದು, ಆ ಅಚ್ಚಿನಿಂದ ಒಂದು ಹಾಲ್ ತುಂಬುವಷ್ಟು ಗೊಂಬೆ ಎರಕ ಹೊಯ್ಯುವುದು, ಹೊಲಿಗೆ ಕೋಣೆಗೂ ಒಂದು ಕೊಡುವುದು ಎಂದು ಮಾತಾಯಿತು. ಯಜಮಾನಿಯ ಕಣ್ಣು ಅರಳಿತು.

"ನೋಡು, ನಿನ್ನ ಜಾಗಕ್ಕೆ ಗೊಂಬೆ ಬಂತು. ಅದಕ್ಕೆ ಕಾಲು ನೋವಿಲ್ಲ, ನೆಗಡಿ ಇಲ್ಲ. ಪ್ರದರ್ಶನ ಒಂದು ಸಸೂತ್ರ ಆಗಲಿ, ಮೇಜು ನಿಂದು. ನನ್ನ ಮಾತು ಅಂದ್ರೆ ಮಾತು."

ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದು ಸಂಜೆ ಮನೆಗೆ ಹೋಗಿ ಅಕ್ಕನ ಕಣ್ಣ ಮುಂದೆಯೇ ಬೆಣ್ಣೆ ಸವರಿದ ಬ್ರೆಡ್ ತಿಂದಳು. ಅಕ್ಕ ತಟ್ಟೆ ಎಳೆದುಕೊಳ್ಳಲಿಲ್ಲ.

ಅಚ್ಚು ತೆಗೆದದ್ದು ಕಲಾವಿದನ ಕೆಲಸದ ಶೆಡ್ಡಿನಲ್ಲಿ. ಮೈಗೆ ತೆಳುವಾದ ಒಂದು ಉಡುಗೆ, ಅದರ ಮೇಲೆ ಎಣ್ಣೆ, ಅದರ ಮೇಲೆ ಪ್ಲಾಸ್ಟರ್‌ನಲ್ಲಿ ಅದ್ದಿದ ಒದ್ದೆ ಪಟ್ಟಿಗಳು. ಜೊತೆಗೆ ಇರಲಿ ಎಂದು ಅಕ್ಕ ಬಂದಿದ್ದಳು. ಪಟ್ಟಿಗಳು ಭುಜದಿಂದ ಇಳಿದು, ಎದೆ ದಾಟಿ, ತಣ್ಣಗೆ ಹೊಟ್ಟೆಯ ಹತ್ತಿರ ಬಂದವು. ಕಲಾವಿದನ ಸಹಾಯಕರ ಕೈ ಸೊಂಟಕ್ಕೆ ತಾಗುವುದನ್ನು ಕಂಡಾಗ, ಇಷ್ಟು ವರ್ಷ ಅದೇ ಜಾಗದಲ್ಲಿ ಅದನ್ನೇ ಹೇಳಿದ ಅಕ್ಕನ ಬಾಯಿಂದ ತಂತಾನೇ ಮಾತು ಬಂತು.

"ಉಸಿರು."

ತಂಗಿ ಎಳೆದುಕೊಂಡಳು. ಅದೂ ತಂತಾನೇ. ಪ್ಲಾಸ್ಟರ್ ಬಿಸಿಯಾಗಿ ಬಿಗಿಯುವವರೆಗೂ ಮೇಲುಮೇಲಕ್ಕೆ ಚಿಕ್ಕ ಚಿಕ್ಕ ಉಸಿರು ತೆಗೆದುಕೊಳ್ಳುತ್ತ ನಿಂತಳು. ಕಣ್ಣು ಕತ್ತಲೆ ಬಂತು, ಕಿವಿಯಲ್ಲಿ ಗುಂಯ್ ಎಂದಿತು. ಆದರೂ ಬಿಡಲಿಲ್ಲ. ಕೆಲಸದಲ್ಲಿ ಹೊಟ್ಟೆ ಬಿಡಬಾರದು ಎನ್ನುವುದು ಅವಳಿಗೆ ಅಷ್ಟು ಮೈಗೂಡಿತ್ತು. ಅಚ್ಚು ಎರಡು ಹೋಳಾಗಿ ಕಳಚಿಕೊಂಡಾಗ ಕಲಾವಿದ ಅದರೊಳಗೆ ಕೈಯಾಡಿಸಿ, "ಎಷ್ಟು ಪ್ರಾಮಾಣಿಕವಾಗಿದೆ!" ಎಂದ. ಪ್ಲಾಸ್ಟರ್ ಪ್ರಾಮಾಣಿಕವೇ, ಕೊಟ್ಟದ್ದನ್ನು ಹಿಡಿದುಕೊಂಡಿತ್ತು.

ಪ್ರದರ್ಶನ ತೆರೆದ ದಿನ ಊರಿಗೆ ಊರೇ ನೆರೆದಿತ್ತು. ಬಿಳಿ ಹಾಲ್, ಸಾಲುಸಾಲಾಗಿ ಅವಳೇ. ತಲೆ ಇಲ್ಲ, ಕೈ ಇಲ್ಲ, ಸೊಂಟ ಇದೆ. ಪ್ರತಿ ಸೊಂಟದ ಮೇಲೂ ಒಂದು ಹಳೆಯ ಉಡುಪು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ, "ಒಬ್ಬ ಜೀವಂತ ಹೆಣ್ಣು, ತಿದ್ದದೆ, ಬದಲಿಸದೆ". ಅವಳ ಹೆಸರು ಎಲ್ಲೂ ಇರಲಿಲ್ಲ. ಕೊನೆಯ ಗೊಂಬೆ ದಾಟಿದರೆ ಎಸ್ಕಲೇಟರ್, ಅದು ಇಳಿಸುವುದು ನೇರ ಕಂಪನಿಯ ಅಂಗಡಿಗೆ. ಅಲ್ಲಿ ಅದೇ ಗೊಂಬೆಯ ಅಳತೆಗೆ ಕತ್ತರಿಸಿದ ಹೊಸ ಗೌನುಗಳು ತೂಗುತ್ತಿದ್ದವು. ಮ್ಯೂಸಿಯಂನಲ್ಲಿ ಮುಟ್ಟಬೇಡಿ, ಅಂಗಡಿಯಲ್ಲಿ ಮುಟ್ಟಿ ನೋಡಿ.

ಭಾವ ಕೋಟು ತೊಟ್ಟು ಬಂದಿದ್ದ. "ಏನಮ್ಮ, ನಮ್ಮನೇಲಿ ನಿಂಗೆ ಒಂದು ಮಂಚ ಹಾಕೋಕೆ ಜಾಗ ಇಲ್ಲ, ಇಲ್ಲಿ ಹಾಲ್ ತುಂಬ ನಿಂತಿದೀಯಲ್ಲ!" ಎಂದ. ಆಮೇಲೆ ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ, "ತಲೇನಾದ್ರೂ ಇಡಬಹುದಿತ್ತು" ಎಂದ.

ಅವಳಿಗೆ ಅದರ ಚಿಂತೆ ಇರಲಿಲ್ಲ. ಗೊಂಬೆಗಳು ನಿಂತವು, ಇನ್ನು ತಾನು ಕೂರಬಹುದು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಸ್ಟೂಲಿನ ಧೂಳು ಒರೆಸಿ ಕೂತಳು. ಹೊಲಿಗೆ ಕೋಣೆಯ ನಡುವೆ, ಅವಳ ಪೀಠದ ಮೇಲೆ, ಎರಕವಾದಾಗಲೇ ಬಂದಿದ್ದ ಗೊಂಬೆ ನಿಂತಿತ್ತು. ಎಷ್ಟು ಸುಖ ಎನ್ನಿಸಿತೆಂದರೆ ಎದ್ದು ಚಹಾ ಕುಡಿಯಲೂ ಹೋಗಲಿಲ್ಲ.

ಆ ಸುಖ ಬಹಳ ದಿನ ಬಾಳಲಿಲ್ಲ. ಮಾರಿದ ಗೌನುಗಳು ಒಂದೊಂದಾಗಿ ತಿರುಗಿ ಬರತೊಡಗಿದವು. ಟ್ರಯಲ್ ರೂಮಿನಲ್ಲಿ ಎಲ್ಲರಿಗೂ ಹೇಳಿ ಮಾಡಿಸಿದ ಹಾಗೆ ಕೂತಿದ್ದವು. ಕನ್ನಡಿಯ ಮುಂದೆ ಹೊಟ್ಟೆ ಎಳೆದುಕೊಳ್ಳದೆ ನಿಲ್ಲುವವರು ಯಾರಿದ್ದಾರೆ ಹೇಳಿ? ಮನೆಗೆ ಹೋಗಿ, ಮರೆತು, ಊಟಕ್ಕೆ ಕೂತರೋ ಇಲ್ಲವೋ, ಪರ್ರ್ ಎಂದು ಜಿಪ್ ಬಿಚ್ಚಿಕೊಂಡಿತು. ಒಬ್ಬಾಕೆ ಮದುಮಗಳ ಪಕ್ಕದಲ್ಲೇ ಬಿಚ್ಚಿಕೊಂಡ ಬೆನ್ನನ್ನು ಗೋಡೆಗೆ ಆನಿಸಿ ಇಡೀ ಸಮಾರಂಭ ಮುಗಿಸಿದಳಂತೆ. ಅಂಗಡಿಯ ಹುಡುಗಿಯರಿಗೆ ಬೈಗುಳ ತಿಂದೇ ಹೊಟ್ಟೆ ತುಂಬಿತು.

ಯಜಮಾನಿ ಹೊಲಿಗೆ ಕೋಣೆಗೆ ಬಂದಳು. ಕೈಯಲ್ಲಿ ವಾಪಸ್ಸು ಬಂದ ಒಂದು ಗೌನು.

"ಗೊಂಬೆಗೆ ಕೂತಿದೆ ತಾನೇ?"

ಅಕ್ಕ ಗೊಂಬೆಗೆ ತೊಡಿಸಿ ತೋರಿಸಿದಳು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಗೊಂಬೆಗೆ ಸೂಜಿ ಚುಚ್ಚಿದರೆ ನೋವಾಗುವುದಿಲ್ಲವಲ್ಲ, ಹಾಗಾಗಿ ಅಕ್ಕ ಬೆರಳು ತೂರಿಸುವುದನ್ನು ಬಿಟ್ಟಿದ್ದಳು.

"ಗೊಂಬೆ ಅಂದ್ರೆ ಇವಳು ತಾನೇ? ಇವಳಿಗೆ ಹಾಕಿ."

ಸ್ಟೂಲಿನಿಂದ ಎಬ್ಬಿಸಿ ಹಾಕಿದರು. ಜಿಪ್ ಸೊಂಟದ ಹತ್ತಿರ ಬಂದು ಮುಷ್ಕರ ಹೂಡಿತು. ಯಜಮಾನಿಯ ಎದುರಿಗೆ ಅಕ್ಕ "ಉಸಿರು" ಎನ್ನಲಿಲ್ಲ, ತಂಗಿ ಎಳೆದುಕೊಳ್ಳಲಿಲ್ಲ. ಯಜಮಾನಿ ಅವಳ ಭುಜ ಸವರಿ, "ಕೂತು ಕೂತು ಹೀಗಾಗಿದೀಯ ಕಣಮ್ಮ" ಎಂದಳು. "ಇದೇ ನನ್ನ ಹೆದರಿಕೆ ಇದ್ದಿದ್ದು. ಕೂತ್ರೆ ಸೊಂಟ ಹರಡುತ್ತೆ."

ಸ್ಟೂಲು ಗೋಡೆಯ ಪಕ್ಕಕ್ಕೆ ಹೋಯಿತು.

ಆ ದಿನವೆಲ್ಲ ಅವಳು ಗೊಂಬೆಯ ಎದುರಿಗೆ ನಿಂತು ಅದನ್ನೇ ನೋಡಿದಳು. ತನ್ನದೇ ಮೈ, ತನಗೆ ಗುರುತು ಸಿಗುತ್ತಿಲ್ಲ. ಪಕ್ಕೆಲುಬಿನ ಕೆಳಗೆ ಒಂದು ಹಳ್ಳ ಇತ್ತು. ಕೈಯಿಂದ ತನ್ನ ಪಕ್ಕೆಯನ್ನು ಮುಟ್ಟಿಕೊಂಡಳು, ಹಳ್ಳ ಇರಲಿಲ್ಲ. ಹೊಟ್ಟೆ ಎಳೆದುಕೊಂಡಳು, ಹಳ್ಳ ಬಂತು. 

ಮನೆಗೆ ಹೋದವಳೇ ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದಳು. "ಅಕ್ಕ, ನಾನು ದಪ್ಪ ಆಗಿಲ್ಲ. ಅವತ್ತು ನೀನು ಉಸಿರು ಅಂದೆ. ನಾನು ಎಳ್ಕೊಂಡೆ. ಆ ಗೊಂಬೆ ಪೂರ್ತಿ ಉಸಿರು ಹಿಡ್ಕೊಂಡು ನಿಂತಿದೆ. ಮೊದಲು ನಿನ್ನ ಬೆರಳು ಇರ್ತಿತ್ತು, ನಡೀತಿತ್ತು. ಈಗ ಬೆರಳಿಲ್ಲ."

ಅಕ್ಕ ಕೈಯಲ್ಲಿದ್ದ ಮೊಟ್ಟೆ ಸುಲಿಯುವುದನ್ನು ನಿಲ್ಲಿಸಿದಳು. ತನ್ನದೇ ಎರಡು ಬೆರಳನ್ನು ನೋಡಿಕೊಂಡಳು. ಅವಳಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು, ಆಮೇಲೆ ಅಲ್ಲಿಂದ ಹೋಯಿತು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳಬೇಡ." ಅಕ್ಕ ತಂಗಿಯ ಕೈ ಹಿಡಿದುಕೊಂಡಳು. "ಆ ಅಚ್ಚನ್ನ ಮ್ಯೂಸಿಯಂ ಕೊಂಡ್ಕೊಂಡಿದೆ. ತಿದ್ದಿಲ್ಲ, ಬದಲಿಸಿಲ್ಲ ಅಂತ ಗೋಡೆ ಮೇಲೆ ಬರೆದಿದಾರೆ. ಅದು ಸುಳ್ಳು ಅಂತಾದ್ರೆ ಮೊದಲು ಕೇಳೋದು ಯಾರನ್ನ? ಪಕ್ಕದಲ್ಲಿ ನಿಂತು ಉಸಿರು ಅಂದೋಳನ್ನ. ಈ ವಯಸ್ಸಲ್ಲಿ ನನ್ನ ಬೇರೆ ಯಾರೇ ಇಟ್ಕೋತಾರೆ? ಸ್ವಲ್ಪ ಇಳಿಸಿಬಿಡು ಕಣೇ. ನಿಂಗೇನು ಹೊಸದಾ?"

ಅವಳಿಗೆ ಕೋಪ ಬಂತು. ಅಕ್ಕನ ಮೇಲೆ ಎಂದೂ ಬಾರದಂಥ ಕೋಪ. ಆದರೆ ತಲೆಗೂದಲು ಬಾಚಿ ಸಾಕಿದ ಕೈ ತನ್ನ ಕೈಯನ್ನು ಬಿಡದೆ ಹಿಡಿದಿರುವಾಗ ಯಾರು ಏನು ಮಾಡಿಯಾರು? ಹೇಳಿದರೆ ಅಕ್ಕ ಬೀದಿಗೆ ಬೀಳುತ್ತಾಳೆ, ಹೇಳದಿದ್ದರೆ ತಾನು ತನ್ನದಲ್ಲದ ಒಂದು ಮೈಗೆ ಇಳಿಯಬೇಕು. ಅಡಕತ್ತರಿಯಲ್ಲಿ ಸಿಕ್ಕಿಬಿದ್ದ ಹಾಗಾಯಿತು. ಅಂದಿನಿಂದ ಮೊಟ್ಟೆಯ ಬಿಳಿಭಾಗವನ್ನೂ ಅವಳು ತಿನ್ನಲಿಲ್ಲ.

ಮೈ ಒಂದು ಮಟ್ಟಕ್ಕೆ ಇಳಿದು ಅಲ್ಲೇ ಹಟ ಹಿಡಿಯಿತು. ಮೂಳೆಯನ್ನು ಹಸಿವು ಕರಗಿಸುವುದಿಲ್ಲವಲ್ಲ. ಕೆನ್ನೆ ಗುಳಿಬಿತ್ತು, ಬಾಚಣಿಗೆ ತುಂಬ ಕೂದಲು ಬಂತು, ಸೊಂಟ ಮಾತ್ರ ಗೊಂಬೆಯ ಸೊಂಟವಾಗಲಿಲ್ಲ. ಅಷ್ಟರಲ್ಲಿ ಊರಲ್ಲಿ ಗುಸುಗುಸು ಎದ್ದಿತ್ತು. ಆ ಗೊಂಬೆ ಸುಳ್ಳಂತೆ, ಅಂಥ ಹೆಣ್ಣೇ ಇಲ್ಲವಂತೆ. ಯಜಮಾನಿ ಗುಸುಗುಸು ಕೇಳಿ ಸುಮ್ಮನೆ ಕೂರುವವಳಲ್ಲ. ಅವಳನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಳು.

"ಒಂದೇ ಒಂದು ಮಧ್ಯಾಹ್ನ. ಮ್ಯೂಸಿಯಂನೋರು, ಪತ್ರಿಕೆಯೋರು ಬರ್ತಾರೆ. ಗೊಂಬೆ ಪಕ್ಕದಲ್ಲಿ ಅದೇ ಗೌನು ಹಾಕ್ಕೊಂಡು ನೀನು ನಿಂತ್ಕೋ. ನೋಡಿದೋರ ಬಾಯಿ ಮುಚ್ಚುತ್ತೆ. ಮಾರನೇ ದಿನ ಆ ಸ್ಟೂಲು ಗೋಡೆಯಿಂದ ಮೇಜಿಗೆ ಬರುತ್ತೆ. ಸರೀನಾ?"

ಸರಿ ಎಂದಳು. ಒಂದು ಮಧ್ಯಾಹ್ನ ಉಸಿರು ಹಿಡಿಯುವುದು ತನಗೇನು ಮಹಾ ಎಂದುಕೊಂಡಳು. ಜೀವನ ಪೂರ್ತಿ ಮಾಡಿದ್ದು ಅದನ್ನೇ ತಾನೇ?

ಆ ಮಧ್ಯಾಹ್ನ ಹಾಲ್‌ನ ಹಿಂದಿನ ಚಿಕ್ಕ ಕೋಣೆಯಲ್ಲಿ ಅಕ್ಕ ಗೌನು ತೊಡಿಸಿದಳು. ಹೇಳಬೇಕಾದ ಮಾತು ಹೇಳಿದಳು, ತಂಗಿ ಎಳೆದುಕೊಂಡಳು, ಜಿಪ್ ನರಳುತ್ತ ಮೇಲೆ ಬಂತು. ಕುತ್ತಿಗೆಯ ಹಿಂದೆ ಅಕ್ಕ ಕೊಕ್ಕೆ ಹಾಕಿದಳು. ತಂಗಿ ಹೊರಗೆ ಬಂದು ಗೊಂಬೆಯ ಪಕ್ಕ ನಿಂತಾಗ ಜನ ನಿಜಕ್ಕೂ ಹಾ ಎಂದರು. ಎರಡೂ ಒಂದೇ ಹಾಗಿದ್ದವು. ಯಜಮಾನಿಯ ಮುಖ ಬೆಳಗಿತು. ಕ್ಯಾಮೆರಾಗಳು ಮಿಂಚಿದವು. ಅವಳು ಮೂಗಿನ ತುದಿಯಲ್ಲೇ ಉಸಿರಾಡುತ್ತ, ಸ್ಟೂಲನ್ನು ನೆನೆಯುತ್ತ ನಿಂತಳು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪವೇ ಹೊತ್ತು.

ಆಗ ಮ್ಯೂಸಿಯಂನ ಮುಖ್ಯಸ್ಥೆ, ಕತ್ತರಿಸಿದ ಬಿಳಿಗೂದಲಿನ ಸಂಭಾವಿತ ಹೆಂಗಸು, ಹತ್ತಿರ ಬಂದು ಕೈ ಮುಟ್ಟಿದಳು. ಇಷ್ಟು ದಿನದಲ್ಲಿ ಅವಳನ್ನು ಮಾತಾಡಿಸಬೇಕು ಎನ್ನಿಸಿದ್ದು ಆಕೆಯೊಬ್ಬಳಿಗೇ. ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು.

"ನಿಮ್ಮನ್ನೇ ನೀವು ಹೀಗೆ ನೋಡೋಕೆ ಹೇಗನ್ನಿಸುತ್ತೆ?"

ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಮರ್ಯಾದೆಯಿಂದ ಕೇಳಿದವರಿಗೆ ಮರ್ಯಾದೆಯಿಂದ ಉತ್ತರ ಕೊಡಬೇಕು ಎಂದು ಅಕ್ಕನೇ ಕಲಿಸಿದ್ದಳು. ಚೆನ್ನಾಗಿದೆ ಎನ್ನಲು ಬಾಯಿ ತೆರೆದಳು. ಚೆನ್ನಾಗಿದೆ ಎನ್ನಲು ಉಸಿರು ಬೇಕು. ಉಸಿರು ಒಳಗೆ ಹೋಯಿತು, ಹೊಟ್ಟೆ ಹೊರಗೆ ಬಂತು, ಪಕ್ಕದ ಹೊಲಿಗೆ ಕಂಕುಳಿನಿಂದ ತೊಡೆಯವರೆಗೆ ಬಾಯಿಬಿಟ್ಟಿತು. ಆ ಸದ್ದು ಹಾಲ್‌ನ ಕೊನೆಗೂ ಕೇಳಿಸಿತು.

ಯಜಮಾನಿ ನಗಲು ನೋಡಿದಳು. "ಪಾಪ, ಇತ್ತೀಚೆಗೆ ಸ್ವಲ್ಪ ದಪ್ಪ ಆಗಿದಾಳೆ. ಮನೇಲಿ ಅಕ್ಕ ಚೆನ್ನಾಗಿ ತಿನ್ನಿಸ್ತಾಳೆ ಅಂತ ಕಾಣುತ್ತೆ."

ಹಸಿದ ಹೊಟ್ಟೆಗೆ ಆ ಮಾತು ಕಾದ ಸೂಜಿಯ ಹಾಗೆ ತಾಗಿತು. "ದಪ್ಪ ಆಗಿಲ್ಲ!" ಎಂದಳು. ಅಷ್ಟು ಜೋರಾಗಿ ಅವಳು ಅಲ್ಲಿ ಎಂದೂ ಮಾತಾಡಿದ್ದಿಲ್ಲ. "ಇದು ನಾನು. ಅದು ಉಸಿರು ಹಿಡ್ಕೊಂಡಿರೋ ನಾನು. ಅಚ್ಚು ಹಾಕುವಾಗ ನಾನೇ ಹಿಡ್ಕೊಂಡೆ. ನನ್ನದೇ ತಪ್ಪು."

"ಅವಳದಲ್ಲ." ಹಿಂದಿನಿಂದ ಅಕ್ಕನ ದನಿ. ಗೋಡೆ ಹಿಡಿದುಕೊಂಡು ನಿಂತಿದ್ದಳು. "ಹಿಡ್ಕೋ ಅಂದೋಳು ನಾನು. ಚಿಕ್ಕೋಳಿದ್ದಾಗಿನಿಂದ ನಾನೇ ಹೇಳ್ತಾ ಬಂದಿದೀನಿ."

 ತಂಗಿ ಹರಿದ ಪಕ್ಕೆಯನ್ನು ಕೈಯಿಂದ ಮುಚ್ಚಿಕೊಂಡು ಅಕ್ಕನ ಕಡೆ ತಿರುಗಿದಳು. ಅಕ್ಕ ಅಳುತ್ತಿದ್ದಳು. ಕೆಲಸ ಹೋಯಿತು, ಇಬ್ಬರದೂ ಹೋಯಿತು ಎಂದು ತಂಗಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ, ಹೇಳಲೂ ನಾಚಿಕೆಯಾಗುವಂಥ ಒಂದು ಸಂತೋಷವಾಯಿತು. ಹೋಗಲಿ. ಹೊರಗೆ ಹೋಗಿ ರಸ್ತೆ ಬದಿಯ ಕಲ್ಲಿನ ಮೇಲಾದರೂ ಕೂರೋಣ.

ಆದರೆ ಚಪ್ಪಾಳೆ ಬಿತ್ತು. ಮೊದಲು ಕಲಾವಿದ ತಟ್ಟಿದ. ಅವನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಎಲ್ಲರೂ ತಟ್ಟಿದರು.

ಮರುವಾರ ಗೋಡೆಯ ಮೇಲಿನ ಅಕ್ಷರ ಬದಲಾಯಿತು. "ಹಿಡಿದ ಉಸಿರು" ಎಂದು ಬರೆಸಿದರು. ಗೊಂಬೆ ಸುಳ್ಳಲ್ಲ, ಅದು ಹೆಣ್ಣುಮಕ್ಕಳೆಲ್ಲ ಎಳೆದುಕೊಂಡ ಹೊಟ್ಟೆಯ ಸತ್ಯ ಎಂದು ಪತ್ರಿಕೆಗಳು ಬರೆದವು. ಯಜಮಾನಿ ಸೊಂಟ ಸಡಿಲಿಸಿದ ಹೊಸ ಗೌನುಗಳನ್ನು ಅಂಗಡಿಗೆ ಇಳಿಸಿದಳು, ಅವು ಬಿಸಿ ಬನ್ನಿನ ಹಾಗೆ ಖರ್ಚಾದವು. ಯಾರ ಕೆಲಸವೂ ಹೋಗಲಿಲ್ಲ. ಹೋಗಬಾರದಿತ್ತೇ ಎಂದು ನಿಮಗೂ ಅನ್ನಿಸಿದರೆ ಅದು ಸಹಜ.

ಅಕ್ಕತಂಗಿಯರಿಗೆ ಹೊಸ ಕೆಲಸ ಬಂತು. ದಿನವೂ ಮಧ್ಯಾಹ್ನ, ಗೊಂಬೆಗಳ ನಡುವೆ, ಜನರ ಎದುರಿಗೆ ಆ ದಿನ ಆದದ್ದೇ ಮತ್ತೆ ಆಗಬೇಕು. ಅಕ್ಕ ಬಿಗಿ ಗೌನಿನ ಪಕ್ಕವನ್ನು ಹರಿಯುವ ಹಾಗೆ ಸಡಿಲವಾಗಿ ಹೊಲಿದು ತೊಡಿಸಬೇಕು, ಮಾತು ಹೇಳಬೇಕು, ಜಿಪ್ ಎಳೆಯಬೇಕು. ತಂಗಿ ಹಿಡಿದು ನಿಂತು, ಆಮೇಲೆ ಬಿಡಬೇಕು. ಹೊಲಿಗೆ ಹರಿಯಬೇಕು. ಜನ ಚಪ್ಪಾಳೆ ತಟ್ಟಿ ಎಸ್ಕಲೇಟರ್ ಹತ್ತಿ ಅಂಗಡಿಗೆ ಇಳಿಯಬೇಕು.

"ಸ್ಟೂಲು, ಮೇಡಂ?" ಎಂದು ಅವಳು ಒಮ್ಮೆ ಕೇಳಿದಳು.

"ಅಯ್ಯೋ, ನಿನ್ನನ್ನ ನೋಡೋಕೆ ಜನ ಸಾಲು ನಿಲ್ತಿದಾರೆ, ನೀನು ಕೂರೋ ಮಾತಾಡ್ತೀಯಲ್ಲ! ಇದು ಮುಗೀಲಿ." ಅದು ಮುಗಿಯುವ ಲಕ್ಷಣ ಇರಲಿಲ್ಲ. ಬೇರೆ ಊರುಗಳ ಮ್ಯೂಸಿಯಂಗಳೂ ಕೇಳುತ್ತಿದ್ದವು. ಕಟಿಂಗ್ ಮೇಜಿಗೆ ಯಜಮಾನಿಯ ತಮ್ಮನ ಮಗ ಬಂದು ಕೂತ.

ಮನೆಯಲ್ಲಿ ಅಕ್ಕ ಈಗ ಬ್ರೆಡ್ಡಿಗೆ ಬೆಣ್ಣೆ ಸವರಿ ಎದುರಿಗೆ ಇಡುತ್ತಿದ್ದಳು. "ತಿನ್ನೇ, ಇನ್ನು ಯಾರೂ ಏನೂ ಅನ್ನಲ್ಲ." ಅವಳು ಅರ್ಧ ತಿಂದು ಹೊಟ್ಟೆ ತುಂಬಿತು ಎನ್ನುತ್ತಿದ್ದಳು. ಕೂತಾಗಲೂ ಬೆನ್ನು ನೆಟ್ಟಗೆ, ಹೊಟ್ಟೆ ಒಳಗೆ. ಬಸ್ಸಿನಲ್ಲೂ, ನಿದ್ದೆಯಲ್ಲೂ. ಭಾವ ಈಗ ತಮಾಷೆ ಮಾಡುವುದನ್ನು ಬಿಟ್ಟಿದ್ದ.

ಒಂದು ಮಧ್ಯಾಹ್ನ ಅಕ್ಕನಿಗೆ ಸಾಕಾಯಿತು. ಇವತ್ತು ಏನಾದರೂ ಆಗಲಿ, ಹೇಳುವುದಿಲ್ಲ ಎಂದು ನಿರ್ಧರಿಸಿಕೊಂಡು ಬಂದಿದ್ದಳು. ಜನ ಸುತ್ತ ನೆರೆದರು. ಅಕ್ಕ ಗೌನು ತೊಡಿಸಿದಳು, ತುಟಿ ಬಿಗಿಹಿಡಿದು ಜಿಪ್ಪಿಗೆ ಕೈ ಹಾಕಿದಳು. ಜಿಪ್ ಸಿಕ್ಕಿಕೊಳ್ಳುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ, ತಂಗಿಯನ್ನು ಕರೆದುಕೊಂಡು ಮನೆಗೆ ಹೋಗುವುದು ಎಂದುಕೊಂಡಿದ್ದಳು. ಜಿಪ್ ಬೆಣ್ಣೆಯಲ್ಲಿ ಚಾಕು ಓಡಿದ ಹಾಗೆ ಕುತ್ತಿಗೆಯವರೆಗೂ ಬಂತು.

ತಂಗಿ ಗೊಂಬೆಯ ಪಕ್ಕ ನಿಂತಿದ್ದಳು. ಜನ ಹೊಲಿಗೆ ಹರಿಯಲಿ ಎಂದು ಕಾದರು. ಯಾರೋ ಕೆಮ್ಮಿದರು, ಯಾರೋ ಫೋನು ಎತ್ತಿ ಹಿಡಿದೇ ಇದ್ದರು. ಹೊಲಿಗೆ ಹರಿಯಲಿಲ್ಲ. ಅಕ್ಕ ಮೆಲ್ಲಗೆ ಎರಡು ಬೆರಳನ್ನು ತಂಗಿಯ ಸೊಂಟಕ್ಕೂ ಬಟ್ಟೆಗೂ ನಡುವೆ ತೂರಿಸಿದಳು. ಬೆರಳು ಆರಾಮವಾಗಿ ಒಳಗೆ ಹೋಯಿತು. ಅಕ್ಕನಿಗೆ ಅಳು ಬಂತು. ಕಿವಿಯ ಹತ್ತಿರ ಬಾಗಿ ಹೇಳಿದಳು.

"ನಾನು ಹೇಳೇ ಇಲ್ಲ ಕಣೇ ಇವತ್ತು. ಬಿಡು. ಬಿಟ್ಬಿಡೇ ನನ್ನ ತಾಯಿ, ಉಸಿರು ಬಿಡು."

ತಂಗಿ ತಿರುಗಿ ನೋಡಿದಳು. ಅಕ್ಕ ಯಾಕೆ ಅಳುತ್ತಿದ್ದಾಳೆ ಎಂದು ಅವಳಿಗೆ ತಿಳಿಯಲಿಲ್ಲ.

"ಬಿಟ್ಟೇ ಇದೀನಲ್ಲಕ್ಕ" ಎಂದಳು.